ಏಸುವಿಗೆ ಏನು ಹರಕೆ?

ಪರದೇಶದ ಟೌರಂಗಾ ನಗರದ ಆಸ್ಪತ್ರೆಯ ಕೆಫೆಯಲ್ಲಿ ಕಾಫಿಗೆ ಸಾಲು ನಿಂತಿದ್ದ ಹುಬ್ಬಳ್ಳಿಯ ಇಜಾಜನಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಬೇರೆ ದಿನವಾಗಿದ್ದರೆ ಖುಷಿಯಿಂದ ತಿರುಗಿ ಮಾತಾಡಿಸುತ್ತಿದ್ದ. ಆದರೆ ಹಿಂದಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ಅಳುತ್ತಿದ್ದಳು.

“ಅಳಬೇಡಿ ಅಕ್ಕ. ಈ ಕರಪತ್ರ ಇಟ್ಕೊಳ್ಳಿ. ಏಸಪ್ಪ ನಿಮ್ಮ ಮಗೂನ ಕಾಪಾಡ್ತಾರೆ.”

“ಮಗು ಇನ್ನೂ ಆಪರೇಷನ್ ಥಿಯೇಟರಲ್ಲೇ ಇದೆ ಕಣಮ್ಮ. ನಿಮ್ಮ ದೇವರಿಗೆ ಏನು ಹರಕೆ ಹೊತ್ಕೋಬೇಕು, ಬೇಗ ಹೇಳು.”

“ಹರಕೆ ಗಿರಕೆ ಏನೂ ಬೇಡ ಅಕ್ಕ.”

“ಬೇಡ ಅಂದ್ರೆ ಹೇಗೆ? ನಂಜುಂಡನಿಗೆ ಮುಡಿ ಕೊಡ್ತೀನಿ ಅಂದಿದೀನಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ತೀನಿ ಅಂದಿದೀನಿ. ಇವರಿಗೂ ಏನಾದ್ರೂ ಹೇಳಮ್ಮ.”

“ನಂಬಿಕೆ ಸಾಕು. ಆದ್ರೆ ಇವರೊಬ್ಬರನ್ನೇ ನಂಬಬೇಕು. ಮಿಕ್ಕ ದೇವರನ್ನೆಲ್ಲ ಬಿಟ್ಬಿಡಬೇಕು.”

ಸಾಲು ಮುಂದೆ ಸರಿಯಿತು.

“ಕೂದಲು ಕೇಳು, ಇಲ್ಲೇ ಕತ್ತರಿಸಿ ಕೊಡ್ತೀನಿ. ಅನ್ನ ಬಿಡು ಅನ್ನು, ಬಿಡ್ತೀನಿ. ದೇವರನ್ನ ಬಿಡು ಅಂತ ಮಾತ್ರ ಅನ್ಬೇಡ ತಾಯಿ. ನನ್ನ ಮಗೂನ ಅವರೆಲ್ಲ ಸೇರಿ ಹಿಡ್ಕೊಂಡಿದಾರೆ. ಈ ಹೊತ್ತಲ್ಲಿ ಯಾರ ಕೈ ಬಿಡಿಸ್ಲಿ?”

ಕರಪತ್ರ ಮಡಚಿದ ಸದ್ದು.

“ಮಗು ಹೆಸರೇನಕ್ಕ?”

“ನಿಹಾರ್.”

“ಬನ್ನಿ, ಥಿಯೇಟರ್ ಬಾಗಿಲ ಹತ್ರ ಕೂತ್ಕೊಳ್ಳೋಣ. ನಾವೂ ಒಂದು ಕೈ ಹಿಡ್ಕೊಳ್ಳೋಣ.”

ಹೆಜ್ಜೆಗಳು ದೂರವಾದವು. ಕಪ್ಪಿನ ಮೇಲೆ ಬರೆಯಲು ಕೌಂಟರಿನವಳು ಹೆಸರು ಕೇಳಿದಳು. ತುಟಿಯಲ್ಲೇ ದುವಾ ಮಾಡುತ್ತಿದ್ದ ಇಜಾಜ್ “ನಿಹಾರ್” ಎಂದುಬಿಟ್ಟ.