ಈ ಬೇಸಿಗೆ ವರೆನ್ನಾಕ್ಕೆ

ಅಲ್ಲ ರೀ, ಎರಡೇ ವಾರ ಅಂತ ಹೇಳ್ತಾನೇ ಇದೀನಲ್ಲ. ಮತ್ತೆ ಯಾಕೆ ಹಾಗೆ ನೋಡ್ತೀರ? ನಾನು ಇಟಲಿಗೆ, ನಮ್ಮ ವರೆನ್ನಾಕ್ಕೆ ಹೋಗಿ, ಆ ಕೆರೆ ದಂಡೇಲಿ ಸ್ವಲ್ಪ ನಡೆದಾಡ್ಕೊಂಡು ಬರ್ತೀನಿ. ಅಲ್ಲೀವರೆಗೂ ನೀವು ಲೀಸ್‌ಬರ್ಗ್ ದಾರೀಲಿ ನರ್ಸುಗಳು ನೋಡ್ಕೊಳ್ಳೋ ಆ ಜಾಗದಲ್ಲಿ ಇರ್ತೀರ. ಆಮೇಲೆ ಮತ್ತೆ ಇದೇ ಸ್ಟರ್ಲಿಂಗ್ ಊರು, ಇದೇ ಮನೆ, ಇದೇ ಊರ್ಮಿಳಾ... ಕೈ ಕೊಡಿ. ಅದಲ್ಲ, ಬಲಗೈ. ಸ್ಟ್ರೋಕ್ ಆದ ಕಡೆ ಕೈಗೆ ಮೊದಲು ಶರ್ಟಿನ ತೋಳು ಹಾಕ್ಬೇಕು ಅಂತ ಥೆರಪಿ ಹುಡುಗಿ ಎಷ್ಟು ಸಲ ಹೇಳಿದಾಳೆ. ಜನ್ಮವೆಲ್ಲಾ ಆಪರೇಷನ್ ಥಿಯೇಟರಲ್ಲಿ ಅನಸ್ತೇಶಿಯಾ ಕೊಟ್ಟ ಡಾಕ್ಟರ್ ಬದರಿನಾಥ್ ಅವರಿಗೆ, ಲ್ಯಾಬಲ್ಲಿ ರಕ್ತ ಟೆಸ್ಟ್ ಮಾಡ್ಕೊಂಡಿದ್ದ ನಾನು ಹೇಳಿಕೊಡ್ಬೇಕು.

ಹಾಂ, ನಕ್ರಿ. ಅರ್ಧ ಬಾಯಲ್ಲಾದ್ರೂ ನಕ್ರಲ್ಲ, ಸಾಕು.

ಒಳ್ಳೆ ಜಾಗ ರೀ ಅದು. ರೂಮಿಗೆ ದೊಡ್ಡ ಕಿಟಕಿ. ಹೊರಗೆ ಹುಲ್ಲು, ಒಂದು ಕೊಳ, ಬಾತುಕೋಳಿಗಳು. ಅಕ್ಷಯಾ ಅಟ್ಲಾಂಟಾದಿಂದ ಬಂದಿದ್ಲಲ್ಲ, ಆಗ ಇಬ್ರೂ ಡ್ರೈವ್ ಮಾಡ್ಕೊಂಡು ಹೋಗಿ ನೋಡಿದ್ವಿ. ನರ್ಸುಗಳು ತಾಳ್ಮೆಯವರು... ಮಗಳ ಹೆಸರು ಎತ್ತಿದ ತಕ್ಷಣ ಮುಖ ಆ ಕಡೆ ತಿರುಗಿಸ್ಬೇಡಿ. ಅವಳೇನು ಮಾಡಿದಾಳೆ ಪಾಪ? "ಅಮ್ಮ, ಯು ನೀಡ್ ಅ ಬ್ರೇಕ್. ನೀನು ಹೋಗು ವರೆನ್ನಾ" ಅಂದ್ಲು, ಅವಳ ಕನ್ನಡದಲ್ಲಿ. ಅಷ್ಟೇ ಅವಳು ಹೇಳಿದ್ದು.

ಹೌದು, ಒಬ್ಳೇ. ಅನುಮಾನಾನಾ? ದಾರಿ ತಪ್ಪಿಸ್ಕೋತೀನಿ ಅಂತಾನಾ? ಅಲ್ಲಿ ದಾರಿ ತಪ್ಪಿಸ್ತಾ ಇದ್ದದ್ದು ಯಾರು, ಸ್ವಲ್ಪ ಯೋಚನೆ ಮಾಡಿ. ಮ್ಯಾಪ್ ಹಿಡ್ಕೊಂಡು ಮುಂದೆ ಮುಂದೆ ಹೋಗ್ತಾ ಇದ್ದದ್ದು ಯಾರು? ಯಾರದೋ ದ್ರಾಕ್ಷಿ ತೋಟಕ್ಕೆ ನುಗ್ಗಿ ನಾಯಿ ಹತ್ರ ಅಟ್ಟಿಸ್ಕೊಂಡದ್ದು ಯಾರು? ...ನೆನಪಿದೆಯಲ್ಲ. ಎಲ್ಲಾ ನೆನಪಿದೆ ನಿಮಗೆ. ಮಾತೊಂದು ಬರಲ್ಲ, ಅಷ್ಟೇ.

ಅಕ್ಷಯಾ ಕಾಲೇಜಿಗೆ ಹೋದ ಮುಂದಿನ ಬೇಸಿಗೆ ಅಲ್ವಾ ನಾವು ಶುರು ಮಾಡಿದ್ದು? ಮನೆ ಖಾಲಿ ಖಾಲಿ ಅಂತ ನಾನು ಒಂದೇ ಸಮ ಗೊಣಗ್ತಾ ಇದ್ದೆ. ಒಂದಿನ ಹಾಸ್ಪಿಟಲಿಂದ ಬಂದು, ಶೂಸ್ ತಗೋ, ನಡೆಯೋಕೆ ಹೋಗೋಣ ಅಂದ್ರಿ. ಇಲ್ಲೇ ಎಲ್ಲೋ ಪೊಟೋಮ್ಯಾಕ್ ನದಿ ಪಕ್ಕ ಅಂದ್ಕೊಂಡೆ. ರಜ ಬಂದ್ರೆ ಎಲ್ಲರೂ ಬೆಂಗಳೂರಿಗೆ ಟಿಕೆಟ್ ತಗೋತಾರೆ, ಈ ಗಂಡ ಹೆಂಡತಿಗೆ ಬೆಟ್ಟ ಹತ್ತೋಕೆ ಇಟಲಿ ಬೇಕಂತೆ ಅಂತ ಕನ್ನಡ ಸಂಘದಲ್ಲಿ ಎಷ್ಟು ನಕ್ಕಿದ್ರು. ಮಿಲಾನಿಂದ ಆ ಪುಟ್ಟ ರೈಲು. ಒಂದು ಸುರಂಗ ದಾಟಿದ್ರೆ ನೀರು, ಇನ್ನೊಂದು ದಾಟಿದ್ರೆ ಮತ್ತೆ ನೀರು. ಹೋಟೆಲ್ ನಡೆಸೋ ಅಜ್ಜಿಗೆ ನೀವು ಚಟ್ನಿಪುಡಿ ರುಚಿ ತೋರಿಸಿದ್ರಿ. ಮುಂದಿನ ವರ್ಷ ಬಾಗಿಲಲ್ಲಿ ನಮ್ಮನ್ನ ಕಂಡ ತಕ್ಷಣ ಅವಳು ಕೇಳಿದ್ದು ನಮ್ಮ ಯೋಗಕ್ಷೇಮ ಅಲ್ಲ, ಆ ಪುಡಿ.

ಆಮೇಲೆ ಪ್ರತಿ ವರ್ಷ ಹೋದ್ವಿ. ಬೆಳಗ್ಗೆ ದೋಣೀಲಿ ಪಕ್ಕದೂರು ಬೆಲ್ಲಾನೋಗೆ, ಅಲ್ಲಿಂದ ಬೆಟ್ಟದ ದಾರೀಲಿ ವಾಪಸ್ ವರೆನ್ನಾಕ್ಕೆ. ನೀವು ಮುಂದೆ, ನಾನು ಹಿಂದೆ. ಸುಸ್ತಾಯ್ತಾ ಅಂತ ಒಂದು ದಿನ ಬಾಯಿಬಿಟ್ಟು ಕೇಳಿದವರಲ್ಲ ನೀವು. ಆದ್ರೆ ಪ್ರತಿ ತಿರುವಲ್ಲೂ ಕಲ್ಲುಗೋಡೆಗೆ ಒರಗಿ ಕೆಳಗೆ ನೀರು ನೋಡ್ತಾ ನಿಂತಿರ್ತಿದ್ರಿ. ನಾನು ಬಂದು ಸೇರಿ ಉಸಿರು ಸರಿ ಮಾಡ್ಕೊಳ್ಳೋ ತನಕ ನೋಡ್ತಾನೇ ಇರ್ತಿದ್ರಿ. ನೀರು ನೋಡೋ ನೆಪ ಅಂತ ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ರಾ?

ಕಣ್ಣು ಒರೆಸ್ತೀನಿ, ತಡೀರಿ. ಈ ಕಣ್ಣು ಸುಮ್ಮನೆ ಸೋರುತ್ತೆ, ಗೊತ್ತು. ಅಳ್ತಾ ಇಲ್ಲ ನೀವು. ಗೊತ್ತು.

ಹೋದ ವರ್ಷ ಜನವರೀಲಿ ಆ ಹಿಮ ಬೀಳದೇ ಇದ್ದಿದ್ರೆ... ಬೇಡ ಅಂದೆ. ಪಕ್ಕದ ಮನೆ ರವಿಶಂಕರ್ ಮೆಷಿನ್ ತರ್ತಾನೆ, ಡ್ರೈವ್‌ವೇ ಅವನೇ ಕ್ಲೀನ್ ಮಾಡ್ತಾನೆ, ಒಳಗೆ ಬನ್ನಿ ಅಂದೆ. ನೀವು ಸಲಿಕೆ ಹಿಡ್ಕೊಂಡು ನಿಂತಿದ್ರಿ. ನಾನು ಕಾಫಿ ಇಟ್ಟು ಕಿಟಕಿ ಹತ್ರ ಬರೋ ಅಷ್ಟರಲ್ಲಿ ಸಲಿಕೆ ಒಂದೇ ನಿಂತಿತ್ತು, ನೀವು ಹಿಮದಲ್ಲಿ ಬಿದ್ದಿದ್ರಿ. ರೋಡೆಲ್ಲಾ ಮುಚ್ಚಿ ಹೋಗಿ ಆಂಬುಲೆನ್ಸ್ ಬರೋಕೆ ಎಷ್ಟು ಹೊತ್ತಾಯ್ತು... ನಿಮ್ಮ ತಪ್ಪು ಅಂತ ಹೇಳ್ತಾ ಇಲ್ಲ ರೀ. ಯಾರ ತಪ್ಪೂ ಅಲ್ಲ.

ನನ್ನ ಮಣಿಕಟ್ಟು ನೋಡ್ಬೇಡಿ. ಈಗ ನೋವಿಲ್ಲ. ಬಾತ್‌ರೂಮಲ್ಲಿ ಬಿದ್ದದ್ದು ಹೋದ ತಿಂಗಳ ಮಾತು, ಮುಗೀತು.

ಆದ್ರೆ ಆವತ್ತು ನನಗೆ ನಿಜವಾಗ್ಲೂ ಭಯ ಆಗಿತ್ತು. ನಿಮ್ಮನ್ನ ಎತ್ತಿ ನಿಲ್ಲಿಸಿದೆ, ಎಲ್ಲಾ ಸರಿಯಾಗೇ ಇತ್ತು, ಕಾಲು ಜಾರಿತು. ಕೆಳಗೆ ನಾನು, ಮೇಲೆ ನೀವು. ಟಬ್ಬಿಗೂ ಗೋಡೆಗೂ ನಡುವೆ ಕೈ ಸಿಕ್ಕಿಹಾಕ್ಕೊಂಡಿದೆ. ನಿಮ್ಮ ಭಾರ ನನ್ನ ಎದೆ ಮೇಲೆ. ತಳ್ಳೋಕಾಗಲ್ಲ, ಉಸಿರು ಪೂರ್ತಿ ಎಳೆಯೋಕಾಗಲ್ಲ. ಅಡುಗೆಮನೇಲಿ ಫೋನ್ ಬಡ್ಕೋತು. ಆನ್ಸರಿಂಗ್ ಮೆಷಿನಲ್ಲಿ ಅಕ್ಷಯಾ, "ಅಮ್ಮ, ಪಿಕ್ ಅಪ್, ಎಲ್ಲಿದೀಯ?" ಅಂತಾಳೆ. ಇಲ್ಲೇ ಇದೀನಮ್ಮಾ ಅಂತ ನಾನು ಕೂಗ್ತೀನಿ. ಅವಳು ಫೋನಿಟ್ಟುಬಿಟ್ಲು. ನೀವು ನನ್ನ ಕತ್ತಿನ ಹತ್ರ ಮುಖ ಇಟ್ಕೊಂಡು ಗಡಗಡ ನಡುಗ್ತಾ ಇದ್ರಿ. ಆಗ ನನಗೆ ಬೇರೇನೂ ತೋಚಲಿಲ್ಲ, ದಾರಿ ಹೇಳೋಕೆ ಶುರು ಮಾಡಿದೆ. ಬೆಲ್ಲಾನೋದಲ್ಲಿ ದೋಣಿ ಇಳಿದ್ವಿ ರೀ. ಚರ್ಚ್ ಪಕ್ಕ ಮೆಟ್ಟಿಲು. ಅಂಜೂರದ ಮರ ಬಂತು, ಬಟ್ಟೆ ಒಣಗಿ ಹಾಕಿರೋ ಮನೆ ಬಂತು. ಈಗ ಕಾಡು, ನೆರಳಿದೆ, ನಿಧಾನ ನಡೀರಿ... ನೀವು ನಡುಗೋದು ನಿಂತಿತು. ನಾನು ಹೇಳ್ತಾನೇ ಹೋದೆ. ಕಾಡು ಮುಗಿದು ಆ ಸಣ್ಣ ಪ್ರಾರ್ಥನಾ ಮಂದಿರದ ತನಕ ಬಂದೆ. ಅಲ್ಲಿ ನಿಲ್ಲಿಸಿಬಿಟ್ಟೆ. ಆಮೇಲೆ ರವಿಶಂಕರ್ ಕೀ ತಗೊಂಡು ಬಂದ, ಅಕ್ಷಯಾ ಅವನ ಆಫೀಸಿಗೆ ಫೋನ್ ಮಾಡಿದ್ಲಂತೆ.

ಯಾಕೆ ನಿಲ್ಲಿಸಿದೆ ಅಂತ ಕೇಳ್ತಾ ಇದೀರಾ? ...ಸುಸ್ತಾಗಿತ್ತು ರೀ. ಇನ್ನೇನಿದೆ.

ಬಿಡಿ ಅದು. ಗುಂಡಿ ಹಾಕ್ತೀನಿ, ಗದ್ದ ಎತ್ತಿ. ಈ ನೀಲಿ ಶರ್ಟ್ ನಿಮಗೆ ಚೆನ್ನಾಗಿ ಕಾಣುತ್ತೆ. ಹತ್ತು ಗಂಟೆಗೆ ಅವರ ವ್ಯಾನ್ ಬರುತ್ತೆ, ವೀಲ್‌ಚೇರ್ ಸಮೇತ ಹತ್ತಿಸ್ತಾರೆ. ನಾನು ಹಿಂದೇನೇ ಕಾರಲ್ಲಿ ಬರ್ತೀನಿ. ನಿಮ್ಮ ರೇಡಿಯೋ ಇಟ್ಟಿದೀನಿ. ಭೀಮಸೇನ ಜೋಶಿ ಕ್ಯಾಸೆಟ್‌ಗಳು ಇಟ್ಟಿದೀನಿ. ಊಟ ಸಪ್ಪೆ ಅನ್ನಿಸುತ್ತೆ, ಅದೊಂದು ಕಷ್ಟ. ನರ್ಸಿಗೆ ಹೇಳಿದೀನಿ, ಮೊಸರನ್ನ ಅಂದ್ರೆ ಏನು ಅಂತ ಬಿಡಿಸಿ ಹೇಳಿದೀನಿ, ನಕ್ಕು ಸರಿ ಅಂದ್ಲು. ಇನ್ನು ಭಾನುವಾರ ಮಧ್ಯಾಹ್ನದ ಊಟ ಹೇಗೂ ನಾನೇ ತರ್ತೀನಿ. ಹುಳಿ, ಪಲ್ಯ, ಬಿಸಿಯಾಗಿ ಡಬ್ಬಿಗೆ ಹಾಕಿ ತರ್ತೀನಿ. ಚಳಿಗಾಲದಲ್ಲಿ ರೋಡು ಕೆಟ್ಟಿದ್ರೆ ಒಂದೆರಡು ವಾರ ತಪ್ಪಬಹುದು, ಅದು ಬಿಟ್ರೆ...

ಏನು?

ಯಾಕೆ ಹಾಗೆ ನೋಡ್ತೀರ? ಇಷ್ಟು ಹೊತ್ತು ಎಡಗೈ ಬೆರಳಲ್ಲಿ ಕುರ್ಚಿ ತೋಳು ಬಡೀತಾ ಇದ್ರಿ. ಯಾಕೆ ನಿಲ್ಲಿಸಿದ್ರಿ?

ರೀ.

ನಾನೇನಂದೆ ಈಗ? ಚಳಿಗಾಲ ಅಂದ್ನಾ... ಇಲ್ಲ, ಅದು ಸುಮ್ಮನೆ ಬಾಯಿ ತಪ್ಪಿ... ಮುಂದೆ ಯಾವಾಗ್ಲಾದ್ರೂ ಮತ್ತೆ ಹೋಗಿ ಇರೋ ಹಾಗಾದ್ರೆ ಅಂತ...

ಕೋಪ ಮಾಡ್ಕೊಳ್ಳಿ ಬೇಕಾದ್ರೆ. ಆ ಕೈಯಿಂದ ಏನಾದ್ರೂ ಎತ್ತಿ ಎಸೀರಿ, ಅವತ್ತು ಲೋಟ ಎಸೆದ ಹಾಗೆ. ಹೀಗೆ ಸುಮ್ಮನೆ ಕೂರಬೇಡಿ. ನನ್ನ ಕೈಲಿ ಆಗಲ್ಲ.

...ಇಲ್ಲ ರೀ. ವರೆನ್ನಾಕ್ಕೆ ಹೋಗ್ತಾ ಇಲ್ಲ ನಾನು. ಟಿಕೆಟ್ ತಗೊಂಡೇ ಇಲ್ಲ. ನೀವಿಲ್ಲದೆ ಅಲ್ಲಿ ಯಾವ ತಿರುವಲ್ಲಿ ಹೋಗಿ ನಿಂತ್ಕೊಳ್ಳಲಿ? ಎರಡು ವಾರವೂ ಅಲ್ಲ. ಆ ರೂಮು ಇನ್ನು ನಿಮ್ಮದೇ. ಅಕ್ಷಯಾ ಅತ್ಲು, ಅಪ್ಪಂಗೆ ಸುಳ್ಳು ಹೇಳ್ಬೇಡ ಅಂದ್ಲು. ಅವಳ ಮೇಲೆ ಮುನಿಸ್ಕೋಬೇಡಿ. ಸುಳ್ಳು ಕಟ್ಟಿದ್ದು ನಾನು. ಇಟಲಿ ಅಂದ್ರೆ ನೀವು ಖುಷಿಯಾಗಿ ಕಳಿಸ್ತೀರ, ನಿಮಗೂ ಹಗುರ ಆಗುತ್ತೆ ಅಂದ್ಕೊಂಡೆ... ನನಗೂ ಹಗುರ ಆಗುತ್ತೆ ಅಂದ್ಕೊಂಡೆ.

ಆವತ್ತು ದಾರಿ ಹೇಳ್ತಾ ನಾನು ನಿಲ್ಲಿಸಿದ ಆ ಪ್ರಾರ್ಥನಾ ಮಂದಿರ... ಅಲ್ಲಿ ಕೂತು ನೀವು ಕೇಳಿದ್ದು ಮರೆತಿಲ್ಲ ನಾನು. ಹೊರಗೆ ಆಲಿಕಲ್ಲು, ಒಳಗೆ ಇಬ್ರು ಮುದುರಿಕೊಂಡು ಕೂರೋ ಅಷ್ಟು ಜಾಗ. ಆಗ ನೀವು ನೆಲ ನೋಡ್ಕೊಂಡು ಹೇಳಿದ್ರಿ: "ನಾನು ಕೈಲಾಗದವರನ್ನ ಬಿಡೋ ಅಂಥ ಜಾಗಗಳಿಂದ ಬಂದ ಪೇಷೆಂಟುಗಳನ್ನ ತುಂಬ ನೋಡಿದೀನಿ ಊರ್ಮಿಳಾ. ನನಗೆ ಏನಾದ್ರೂ ಆದ್ರೆ ಮನೇಲೇ ಇಟ್ಕೋ." ನಾನು ಆಯ್ತು ಅಂದೆ. ಅಷ್ಟು ಸುಲಭವಾಗಿ ಆಯ್ತು ಅಂದುಬಿಟ್ಟೆ.

ನನ್ನ ಬೆನ್ನಿಗೆ ಇನ್ನು ನಿಮ್ಮನ್ನ ಎತ್ತೋಕಾಗಲ್ಲ ರೀ. ಈ ಕೈಯಲ್ಲಿ ಹಾಲಿನ ಕ್ಯಾನು ಹಿಡಿಯೋಕಾಗ್ತಾ ಇಲ್ಲ. ಬೆಳಗ್ಗೆ ಎದ್ದರೆ ಇವತ್ತು ಇವರನ್ನ ಬೀಳಿಸ್ತೀನಾ ಅನ್ನೋದೊಂದೇ ಯೋಚನೆ. ಮನೆಗೇ ಬಂದು ನಿಮ್ಮನ್ನ ನೋಡ್ಕೊಳ್ಳೋ ಹೆಂಗಸರನ್ನ ಇಟ್ಟು ನೋಡಿದ್ವಿ, ಒಬ್ರೂ ನಿಲ್ಲಲಿಲ್ಲ. ತರಕಾರಿಗೆ ಅಂತ ಹೊರಗೆ ಹೋದ್ರೆ ಪಾರ್ಕಿಂಗ್ ಲಾಟಲ್ಲಿ ಸುಮ್ಮನೆ ಕೂತಿರ್ತೀನಿ, ಮನೆ ಕಡೆ ಕಾರ್ ತಿರುಗಿಸೋಕೆ ಮನಸ್ಸು ಬರಲ್ಲ. ತಿರುಗಿಸಿದ ಮೇಲೆ, ಅಯ್ಯೋ ಒಬ್ರೇ ಇದಾರೆ ಅಂತ ಸ್ಪೀಡಾಗಿ ಬರ್ತೀನಿ. ಎರಡೂ ನಾನೇ. ಆ ಬಾತ್‌ರೂಮಿಂದ ರವಿಶಂಕರ್ ನಿಮ್ಮನ್ನ ಎತ್ತಿದ, ನನ್ನನ್ನೂ ಎತ್ತಿದ. ಆದ್ರೆ ನಾನಿನ್ನೂ ಅಲ್ಲೇ ಬಿದ್ದಿದೀನಿ ಅನ್ಸುತ್ತೆ.

ವ್ಯಾನ್ ಬಂತು. ಕೇಳಿಸ್ತಲ್ಲ? ಡ್ರೈವ್‌ವೇಲಿ ನಿಲ್ಲಿಸ್ತಾ ಇದಾರೆ.

ಸಾಕ್ಸ್ ಹಾಕ್ತೀನಿ. ಎಡಗಾಲು ಎತ್ತಿ. ...ಎತ್ತಿ ರೀ. ಎತ್ತೋಕೆ ಬರುತ್ತೆ ನಿಮಗೆ, ಬೆಳಗ್ಗೆ ಪ್ಯಾಂಟ್ ಹಾಕೋವಾಗ ಎತ್ತಿದ್ರಿ.

ಎತ್ತಲ್ವಾ?

ಸರಿ. ನಾನು ಇಲ್ಲೇ ನೆಲದ ಮೇಲೆ ಕೂತ್ಕೋತೀನಿ. ಬಲವಂತ ಮಾಡಲ್ಲ. ಬೆಲ್ ಹೊಡೀಲಿ ಅವರು... ಒನ್ ಮಿನಿಟ್, ಪ್ಲೀಸ್! ಕಾಯ್ತಾರೆ. ಬೇಡ ಅಂದ್ರೆ ಬೇಡ, ವಾಪಸ್ ಕಳಿಸ್ತೀನಿ. ನಿಜವಾಗ್ಲೂ ಕಳಿಸ್ತೀನಿ. ಈ ಸಲ ಸುಳ್ಳಲ್ಲ. ನೀವು ಹೇಗಂದ್ರೆ ಹಾಗೆ.

...

ರೀ? ಏನು, ನನ್ನ ತಲೆ ಮೇಲೆ ಯಾಕೆ ಕೈ... ಕೂದಲು ಕೆದರಿದೆಯಾ? ಬಾಚ್ಕೊಂಡೇ ಇಲ್ಲ ಬೆಳಗ್ಗೆಯಿಂದ.

...

ಕಾಲು ಎತ್ತಿದ್ರಾ.

ತಡೀರಿ, ನಿಧಾನ. ಬೀಳ್ತೀರ. ಹಾಂ... ಸಾಕ್ಸ್ ಆಯ್ತು. ಶೂ ಆಯ್ತು. ಇಳಿಸಿ ಈಗ.

ಬಲಗಾಲು ಬಿಡಿ. ಆ ಕಾಲು ನಾನೇ ಎತ್ತುತೀನಿ.