ಝಾಯದ್ ನಿಲ್ಲಿಸಿದ ನೀರು

ಅಟ್ಲಾಸ್ ಬೆಟ್ಟದ ನಮ್ಮ ಕಣಿವೆಗೆ ಆ ಕಬ್ಬಿಣದ ಪಂಪನ್ನು ಹೊತ್ತು ತಂದವನು ನಾನು. ಬೆನ್ನ ಮೇಲೆ, ಒಬ್ಬನೇ, ಘಾಟಿ ಹತ್ತಿ. ಪಂಪು ನಮ್ಮೂರ ಲಹಸೆನನದು; ಮೊದಲು ಅದನ್ನು ಹೊತ್ತಿದ್ದ ಅವನ ಬಿಳಿ ಹೇಸರಗತ್ತೆ ಭಾರಕ್ಕೆ ಅರ್ಧ ದಾರಿಯಲ್ಲೇ ಸತ್ತುಬಿತ್ತು. ನಾನೇ ಗುಂಡಿ ತೋಡಿ ಹೂತೆ. ನೋಡಿದವರು ಯಾರೂ ಈಗಿಲ್ಲ, ಇದ್ದಿದ್ದರೆ ಕೇಳಬಹುದಿತ್ತು.

ಅದಕ್ಕೆ ಎಣ್ಣೆ ಬೇಡ, ಕರೆಂಟು ಬೇಡ. ತೊರೆಯ ನೀರು ಕೊಳವೆಯಲ್ಲಿ ಧುಮುಕಿ ಬಂದು ಕವಾಟಕ್ಕೆ ಬಡಿಯುತ್ತದೆ. ಕವಾಟ ಮುಚ್ಚುತ್ತದೆ... ಟಕ್. ದಾರಿ ಮುಚ್ಚಿದ್ದಕ್ಕೆ ನೀರು ಸಿಟ್ಟಿಗೆದ್ದು ಸಣ್ಣ ಕೊಳವೆ ಹಿಡಿದು ಗುಡ್ಡ ಹತ್ತುತ್ತದೆ. ಬಹಳಷ್ಟು ಚೆಲ್ಲಿಹೋಗುತ್ತದೆ, ಸ್ವಲ್ಪ ಮೇಲೇರುತ್ತದೆ. ಹಗಲೂ ರಾತ್ರಿ. ಟಕ್... ಟಕ್...

ನನ್ನ ಚಿಕ್ಕಪ್ಪನ ಮಗ ಝಾಯದನಿಗೆ ಆ ಸದ್ದು ಎದೆಗೆ ಒದ್ದ ಹಾಗಾಗುತ್ತಿತ್ತು. ಅವನ ಹೊಲ, ಲಹಸೆನನ ಹೊಲ ಎರಡೂ ಗುಡ್ಡದ ಮೇಲೆ, ಅಕ್ಕಪಕ್ಕ. ಆಚೆ ಸೇಬಿನ ಸಸಿ ಚಿಗುರಿತು, ಈಚೆ ಬಾರ್ಲಿ ಒಣಗಿತು. ಒಂದು ದಿನ ಅವನ ಹೆಂಡತಿ ತೂದಾ ಚಹಾ ಬಗ್ಗಿಸುತ್ತ, "ಲಹಸೆನಣ್ಣನ ನೀರು ಕಾಲಿಲ್ಲದೆ ಗುಡ್ಡ ಹತ್ತುತ್ತೆ. ನಿಮಗೆ ಎರಡು ಕಾಲಿದ್ದೂ ಹಾಸಿಗೆ ಬಿಟ್ಟು ಏಳೋಕಾಗಲ್ಲ," ಅಂದಳು.

ಆ ರಾತ್ರಿ ಮದುವೆ ಊಟ ಮುಗಿಸಿ ಬರುತ್ತಿದ್ದ ಝಾಯದ್, ಹಳೇ ಬಾವಿ ದಾಟಿ ತೊರೆಯ ಕಡೆ ತಿರುಗಿದ. ಕೈಯಲ್ಲಿ ಅಕ್ರೋಟು ಮರದ ಬೆಣೆ.

ಕತ್ತಲಲ್ಲಿ ನೀರಿಗೆ ಕೈ ಹಾಕುವ ಮುಂಚೆ ನಾವು ಚಿಟಿಕೆ ಉಪ್ಪು ಎಸೆದು ಬಿಸ್ಮಿಲ್ಲಾ ಅನ್ನುತ್ತೇವೆ, ನೀರಿನೊಳಗಿನ ಜಿನ್ನುಗಳು ಸರಿದು ನಿಲ್ಲಲಿ ಅಂತ. ಝಾಯದ್ ಉಪ್ಪು ತೆಗೆದ. ಬಾಯಿ ತೆರೆದ... ಪಕ್ಕದವನ ನೀರು ತಡೆಯೋಕೆ ದೇವರ ಹೆಸರು ಹೇಗೆ ಹೇಳೋದು? ಉಪ್ಪು ಮತ್ತೆ ಜೇಬು ಸೇರಿತು. ಕವಾಟದ ಸಂದಿಗೆ ಬೆಣೆ ತುರುಕಿದ.

ಸದ್ದು ನಿಂತಿತು.

"ಈಗ ಹತ್ತು, ನೋಡ್ತೀನಿ," ಅಂತ ನೀರಿಗೆ ಪಿಸುಗುಟ್ಟಿದ.

ಹಿಂದೆ, ಕಲ್ಲಿನ ಮೇಲೆ... ಟಪ್. ಟಪ್. ಲಾಳದ ಸದ್ದು. ಲಹಸೆನನ ಬಿಳಿ ಹೇಸರಗತ್ತೆ ಅವನನ್ನು ಸವರಿಕೊಂಡೇ ನೀರಿಗಿಳಿಯಿತು. ಅದರ ಮೈ ಮಂಜುಗಡ್ಡೆ. ಬೆಣೆಯನ್ನು ಹಲ್ಲಲ್ಲಿ ಕಚ್ಚಿ ಎಳೆಯಿತು... ಕರ್ರ್. ಮುಂಗಾಲಿಂದ ಕವಾಟ ಒತ್ತಿತು. ಟಕ್... ಮತ್ತೆ ಒತ್ತಿತು. ಟಕ್... ಪಂಪು ತಾನಾಗಿ ಬಡಿಯತೊಡಗುವವರೆಗೂ ಬಿಡಲಿಲ್ಲ.

ಝಾಯದ್ ಓಡಿಬಂದು ಕಂಬಳಿಯೊಳಗೆ ನುಸುಳಿ ಹೆಂಡತಿಗೆ ಅಂದದ್ದು ಇಷ್ಟೇ: "ಅವನಿಗೆ ಕತ್ತೆ ಕೂಡ ರಾತ್ರಿಪಾಳಿ ದುಡಿಯುತ್ತೆ ಕಣೇ."

ಬೆಳಿಗ್ಗೆ ಬೆಣೆ ಅವನ ಹೊಸ್ತಿಲ ಮೇಲಿತ್ತು. ಹಲ್ಲಿನ ಗುರುತು ನಾನೇ ಮುಟ್ಟಿ ನೋಡಿದ್ದೇನೆ. ನಡೆದದ್ದು ನಡೆದದ್ದೇ.

ಒಲೆ ಪಕ್ಕ ಕೂತು ಈ ಕಥೆ ಕೇಳುತ್ತಿದ್ದ ನನ್ನ ಸೊಸೆ ಇಜ್ಜಾ ತಲೆಯೆತ್ತಿದಳು. "ಮಾವ, ಆ ಕತ್ತೆಯನ್ನ ಘಾಟಿಯಲ್ಲೇ ಹೂತೆ ಅಂದಿರಲ್ಲ?"

ನಾನು ಭುಜ ಕುಣಿಸಿದೆ.

"ಹೂತಿದ್ದೆ."