ಕತ್ತರಿಸಿದ ಅರ್ತ್ ವೈರು

ಶನಿವಾರ ಸಂಜೆ ಬನಶಂಕರಿ ಬಸ್ ಸ್ಟಾಂಡಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿ ಕಲ್ಯಾಣಿಯ ಪಕ್ಕ ಇಬ್ಬರು ರೇಡಿಯೋ ರಿಪೇರಿಯವರು ಬಂದು ಕೂತರು. ಸ್ಮಶಾನದಿಂದ ಬಂದವರು, ಹಿರಿಯನ ಹೆಗಲ ಮೇಲೆ ಒದ್ದೆ ಟವಲ್ಲು.

“ನಾಗಲಕ್ಷ್ಮಮ್ಮ ಮೈಕ್ ಹಿಡ್ಕೊಂಡೇ ಹೋಗ್ಬಿಟ್ರಂತೆ, ಅಣ್ಣ.”

“ಅವರ ಆಂಪ್ಲಿಫೈಯರ್ ಗುಂಯ್ ಅಂತಿದೆ ಅಂದಾಗ ಏನ್ ಮಾಡ್ದೆ, ಸಿದ್ಧಾರ್ಥ?”

“ಅರ್ತ್ ವೈರ್ ಕತ್ತರಿಸ್ದೆ. ಸದ್ದು ನಿಂತೋಯ್ತು. ಖುಷಿಯಾಗಿ ಕಾಫಿ ಕೊಟ್ರು.”

“ಒಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಡಬ್ಬಕ್ಕೂ ಮೈಕಿಗೂ ಬಂದ್ರೆ, ನೆಲಕ್ಕಿಳಿಯೋಕೆ ಅದೊಂದೇ ದಾರಿ ಕಣೋ. ಅದಿಲ್ದಿದ್ರೆ ಮೈಕ್ ಹಿಡಿದೋರ ಮೈಯಿಂದಾನೇ ಇಳಿಯುತ್ತೆ.”

“ನೀವೇ ಅಲ್ವಾ ಹೇಳ್ಕೊಟ್ಟಿದ್ದು?”

ಹಿರಿಯ ಹೆಗಲ ಮೇಲಿನ ಟವಲ್ಲು ತೆಗೆದು ಬೆಂಚಿನ ಮೇಲಿಟ್ಟ.

“ಹೂಂ. ಇಪ್ಪತ್ತು ವರ್ಷದಿಂದ ನಾನೂ ಅದನ್ನೇ ಮಾಡ್ಕೊಂಡು ಬಂದೆ.”

“ಗಿರಿನಗರದ ಭಜನೆ ಮಂದಿರದ ಆಂಪ್ಲಿಫೈಯರ್?”

“ಅದೂ ನಾನೇ. ಹೋದ ತಿಂಗಳು.”

“ಅಣ್ಣ, ಇವತ್ತು ಶನಿವಾರ. ಆರಕ್ಕೆ ಭಜನೆ ಶುರು ಮಾಡ್ತಾರೆ.”

ಹಿರಿಯ ಥಟ್ಟನೆ ಕಲ್ಯಾಣಿಯ ಕಡೆ ತಿರುಗಿದ.

“ಟೈಮೆಷ್ಟಮ್ಮ?”

“ಆರೂಕಾಲು, ಅಂಕಲ್.”

ಇಬ್ಬರೂ ಆಟೋ ಕಡೆ ಓಡಿದರು. ಒದ್ದೆ ಟವಲ್ಲು ಬೆಂಚಿನ ಮೇಲೇ ಬಿದ್ದಿತ್ತು. ಕಲ್ಯಾಣಿ ಅದನ್ನು ಮುಟ್ಟಲಿಲ್ಲ.